ಎಡ ಕಾರ್ನರಿಗೆ ದೇವರಾಜು ಬೇಕೋ ಬೇಡವೋ

ಹಿನಕಲ್ ಕಡೆ ಕಬಡ್ಡಿ ಪಂದ್ಯ ನಡೆಸಲು ಬರುವ ಅಂಪೈರುಗಳು ಮ್ಯಾಟು ಸರಿಯಾಗಿ ಹಾಸಿದ್ದಾರೋ ಇಲ್ಲವೋ ಎಂದು ನೋಡುವುದಕ್ಕಿಂತ ಮೊದಲು ಶಿವನಂಜಮ್ಮ ಎಲ್ಲಿ ಕೂತಿದ್ದಾರೆ ಎಂದು ನೋಡುತ್ತಾರೆ. ಆಕೆ ಕೂತ ಬದಿಯ ಗೆರೆ ಕಾಯಲು ಅನುಭವಸ್ಥರು ಯಾರೂ ಒಪ್ಪುವುದಿಲ್ಲ. ವಿಷಯ ಗೊತ್ತಿಲ್ಲದ ಹೊಸಬರನ್ನು ನಿಲ್ಲಿಸುತ್ತಾರೆ. ಒಮ್ಮೆ ಹಾಗೆ ನಿಂತ ಹೊಸಬರೊಬ್ಬರು ಬೈಗುಳ ತಡೆಯಲಾರದೆ, ಆಟಗಾರರಿಗೆ ಎಚ್ಚರಿಕೆ ಕೊಡುವಾಗ ತೋರಿಸುವ ಹಸಿರು ಕಾರ್ಡನ್ನು ಶಿವನಂಜಮ್ಮನಿಗೇ ತೋರಿಸಿಬಿಟ್ಟರು. ಪ್ರೇಕ್ಷಕರಿಗೆ ಕಾರ್ಡು ತೋರಿಸುವ ನಿಯಮ ಯಾವ ಆಟದಲ್ಲೂ ಇಲ್ಲ. ಶಿವನಂಜಮ್ಮ ಎದ್ದು ನಿಂತು, "ಅದ್ನ ಜೇಬಲ್ಲಿಟ್ಕೊಳಿ ಸಾರ್, ಬಸ್ಸಲ್ಲಿ ಪಾಸು ಕೇಳಿದ್ರೆ ತೋರ್ಸೋಕಾಯ್ತದೆ" ಎಂದರು. ಪಂದ್ಯ ಸ್ವಲ್ಪ ಹೊತ್ತು ನಿಂತುಹೋಯಿತು. ಅಂಪೈರರೂ ನಗುತ್ತಿದ್ದರು.

ಆಕೆಯ ಹೋಟೆಲು ಇರುವುದು ಹೆಬ್ಬಾಳದ ಫ್ಯಾಕ್ಟರಿಗಳಿಗೆ ಹೋಗುವ ಶಿಫ್ಟಿನವರು ಬಸ್ಸಿಗೆ ಕಾಯುವ ಜಾಗದ ಹಿಂದೆ. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ; ಮಧ್ಯಾಹ್ನ ಮುದ್ದೆ, ಬಸ್ಸಾರು. ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಹಿನಕಲ್ ಕಬಡ್ಡಿ ತಂಡದ ಫೋಟೋ. ಊದುಬತ್ತಿ ಎಲ್ಲಕ್ಕೂ ಸೇರಿ ಒಂದೇ.

ವರುಣಾ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿದ ಶಿವನಂಜಮ್ಮ ಹೈಸ್ಕೂಲಿನಲ್ಲಿ ತಾನೇ ರೈಡರ್ ಆಗಿದ್ದವರು. ಎದುರಾಳಿಯ ಅಂಕಣಕ್ಕೆ ನುಗ್ಗಿ, ಮುಟ್ಟಿ, ಉಸಿರು ಬಿಡದೆ ಓಡಿಬರುವ ಕೆಲಸ ಅದು. ಹೈಸ್ಕೂಲು ಮುಗಿದ ಮೇಲೆ ನುಗ್ಗಲು ಅಂಕಣ ಸಿಗಲಿಲ್ಲ. ಹೆಣ್ಣು ನೋಡಲು ದೇವರಾಜು ಬಂದಾಗ ಅವರ ಗಲ್ಲದ ಮೇಲೆ ದೊಡ್ಡ ಪ್ಲಾಸ್ಟರು ಅಂಟಿತ್ತು. ಹಿರಿಯರು ಹೊಲ, ತೋಟ, ಅಣ್ಣತಮ್ಮಂದಿರ ಲೆಕ್ಕ ಮಾತಾಡುತ್ತಿರುವಾಗ ಕಾಫಿ ಲೋಟ ಕೊಡುತ್ತ ಹುಡುಗಿ ಮೆಲ್ಲಗೆ ಕೇಳಿದ್ದು, "ಯಾವ ಜಾಗದಲ್ಲಿ ಆಡ್ತೀರಿ?"

"ಎಡ ಕಾರ್ನರ್."

"ಓ, ರೈಡರ್ ಅಲ್ವಾ?" ಎಂದ ಹುಡುಗಿಯ ಮುಖ ಬಾಡಿತಂತೆ. ಆದರೂ ಒಪ್ಪಿಕೊಂಡರು. ಕಾರ್ನರಿನಲ್ಲಿ ಆಡುವವನು ಅಂಕಣದ ಹಿಂದಿನ ಮೂಲೆಯಲ್ಲಿ ಬಗ್ಗಿ ನಿಂತು, ಬಂದ ರೈಡರ್‌ನ ಕಾಲು ಹಿಡಿಯಬೇಕು. ಹಿಡಿದರೆ ಅವನ ಮೇಲೆ ಉಳಿದವರೆಲ್ಲ ಬಂದು ಬೀಳುತ್ತಾರೆ; ಕೆಳಗೆ ಸಿಕ್ಕಿದವನು ಯಾರೆಂದು ಫೋಟೋದಲ್ಲಿ ಕಾಣುವುದಿಲ್ಲ. ದೇವರಾಜು ಹದಿನೈದು ವರ್ಷ ಹಿನಕಲ್ ತಂಡಕ್ಕೆ ಹಾಗೆ ಕಾಣದಂತೆ ಆಡಿದರು. ಆಮೇಲೆ ಬಲ ಮಂಡಿ ಊದಿಕೊಳ್ಳತೊಡಗಿತು. ಆಟ ಬಿಟ್ಟು, ಹೆಬ್ಬಾಳದ ಫ್ಯಾಕ್ಟರಿಯೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸಿಕೊಂಡು, ಹೊಟ್ಟೆ ಬೆಳೆಸಿಕೊಂಡು ಸುಮ್ಮನಿದ್ದರು. ಮನೆಯಲ್ಲಿ ಮಾತಿನ ಖಾತೆ ಮೊದಲಿನಿಂದಲೂ ಹೆಂಡತಿಯದೇ.

ಹೋದ ವರ್ಷ ಬೋಗಾದಿಯ ಟೂರ್ನಮೆಂಟು ಹತ್ತಿರ ಬಂದಾಗ ಹಿನಕಲ್ ತಂಡದ ಎಡ ಕಾರ್ನರ್ ಪುನೀತ ಮುಂಗೈ ಮುರಿದುಕೊಂಡ. ಮೈದಾನದಲ್ಲಿ ಮುರಿದುಕೊಂಡಿದ್ದರೆ ಊರು ಮರುಗುತ್ತಿತ್ತು. ಅವನು ಮುರಿದುಕೊಂಡದ್ದು ಗೆಳೆಯನ ಮದುವೆ ಮೆರವಣಿಗೆಯಲ್ಲಿ, ತಮಟೆಗೆ ಕುಣಿಯುವಾಗ.

ಮಾರನೆಯ ಬೆಳಿಗ್ಗೆ ಶಿವನಂಜಮ್ಮನ ಹೋಟೆಲಿನಲ್ಲಿ ಸಭೆ ಸೇರಿತು. ತಂಡದ ಅಧ್ಯಕ್ಷರು ಗುರುಮಲ್ಲಪ್ಪ, ಹಿಂಡಿ ಬೂಸಾ ಅಂಗಡಿಯ ಸಾಹುಕಾರರು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸದಾ ತಂಡದ ಚಿಂತೆ. ನಾಯಕ ಮಹೇಶ ತಂಡದ ಮುಖ್ಯ ರೈಡರು.

"ಮಂಡ್ಯ ಕಡೆಯಿಂದ ಒಬ್ನ ಕರ್ಸಣ ಸಾವ್ಕಾರ್ರೇ" ಎಂದ ಮಹೇಶ.

"ಬ್ಯಾಡ. ನಮ್ಮೂರ ಬನೀನ್ ಹಾಕ್ಕೊಂಡು ಬ್ಯಾರೆ ಊರೋನು ಔಟಾದ್ರೆ ನಮಗ್ಯಾಕಪ್ಪ ಹೊಟ್ಟೆ ಉರೀಬೇಕು?"

ಆಗ ಇಡ್ಲಿ ತಿನ್ನುತ್ತಿದ್ದ ಶಿಫ್ಟಿನವನೊಬ್ಬ ತಲೆ ಎತ್ತದೆ, "ನಮ್ ದೇವರಾಜಣ್ಣ ಇಲ್ವಾ?" ಎಂದ.

ಎಲ್ಲರೂ ಮೂಲೆಯ ಬೆಂಚಿನತ್ತ ತಿರುಗಿದರು. ದೇವರಾಜು ಅಲ್ಲಿ ಟೀಯಲ್ಲಿ ಬನ್ನು ಅದ್ದುತ್ತ ಕೂತಿದ್ದರು. ಅದ್ದಿದ ತುಂಡು ಲೋಟದೊಳಗೇ ಕಳಚಿ ಬಿತ್ತು.

"ಯಾವ ದೇವರಾಜಣ್ಣ?" ಒಲೆಯ ಮುಂದಿನಿಂದ ಶಿವನಂಜಮ್ಮ ಕೇಳಿದರು.

"ನಿಮ್ಮನೆಯೋರೇ ಕಣಕ್ಕ."

"ಔರಾ? ಚಪ್ಲಿ ಮಂಚದ ಕೆಳೀಕೆ ಹೋದ್ರೆ ಬಗ್ಗಕಾಗ್ದೆ ಮಗಳ್ನ ಕೂಗ್ತಾರೆ. ಅವ್ರು ಬಗ್ಗಿ ಬೋಗಾದಿ ನಾಗೇಂದ್ರನ ಕಾಲ್ ಹಿಡೀತಾರಾ?"

ನಾಗೇಂದ್ರ ಬೋಗಾದಿ ತಂಡದ ರೈಡರು. ಆ ವರ್ಷ ಅವನ ಕಾಲು ಹಿಡಿದು ನಿಲ್ಲಿಸಿದವರು ಮೈಸೂರಿನಲ್ಲಿ ಹೆಚ್ಚು ಜನ ಇರಲಿಲ್ಲ.

"ಅನುಭವ ಅಂತ ಒಂದಿರ್ತದೆ ಕಣಕ್ಕ" ಎಂದ ಶಿಫ್ಟಿನವನು.

"ಇದ್ರೆ ಅಂಪೈರ್ ಆಗ್ಲಿ."

ಗುರುಮಲ್ಲಪ್ಪ ಸಮಾಧಾನದ ದನಿಯಲ್ಲಿ, "ಕಾರ್ನರಿನೋನು ಓಡೋದೇನೂ ಇಲ್ಲ ತಾಯಿ. ಗಟ್ಟಿಯಾಗಿ ನಿಂತಿರಬೇಕು ಅಷ್ಟೇ" ಎಂದರು.

"ನಿಂತಿರೋದಾದ್ರೆ ನಿಮ್ಮಂಗ್ಡಿ ಬೂಸಾ ಮೂಟೆ ನಿಲ್ಸಿ ಸಾವ್ಕಾರ್ರೇ. ಅದು ಮಂಡಿ ನೋವು ಅಂತ ರಾತ್ರಿ ಎದ್ದೆದ್ದು ತಿಕ್ಕೋಕೆ ಎಣ್ಣೆ ಕೇಳಲ್ಲ."

ಹೋಟೆಲು ಗೊಳ್ಳೆಂದಿತು. ಕೊನೆಗೆ ಯಾರಿಗೋ ಹೊಳೆದು, ದೇವರಾಜುವನ್ನೇ ಕೇಳಿದರು. ಅವರು ಲೋಟದ ತಳದ ಬನ್ನನ್ನು ಚಮಚದಲ್ಲಿ ಹುಡುಕುತ್ತ, "ಅವ್ಳು ಹೇಳೋದು ಸರಿ. ನನ್ ಕೈಲಾಗಲ್ಲ" ಎಂದು ತನ್ನ ವಿರುದ್ಧವೇ ಮತ ಹಾಕಿದರು. ಆದರೆ ಅವರು ಆವತ್ತು ಎರಡನೆಯ ಟೀ ತರಿಸಿಕೊಂಡು ಸಭೆ ಮುಗಿಯುವವರೆಗೂ ಕೂತರು. ಕಂಪನಿಯ ಬಸ್ಸು ಅವರನ್ನು ಬಿಟ್ಟು ಹೋಯಿತು.

ವಾದ ಹೋಟೆಲಿನಿಂದ ಹೊರಬಿದ್ದು ಊರೆಲ್ಲ ಹರಡಿತು. ಆಟೋ ಸ್ಟ್ಯಾಂಡಿನವರು ದೇವರಾಜು ಬೇಕು ಎಂದರು. ದೇವಸ್ಥಾನದ ಜಗಲಿಯವರು ಬೇಡ ಎಂದರು. ಕಟಿಂಗ್ ಶಾಪಿನಲ್ಲಿ ಒಂದು ಕೆನ್ನೆಗೆ ಸೋಪು ಹಚ್ಚಿಸಿಕೊಂಡವರು ಎದ್ದು ನಿಂತು, ಹಳೆಯ ಪಂದ್ಯವೊಂದರಲ್ಲಿ ದೇವರಾಜು ಹೇಗೆ ಹಿಡಿದಿದ್ದರೆಂದು ಪಕ್ಕದ ಕುರ್ಚಿಯವರ ಕಾಲು ಹಿಡಿದು ತೋರಿಸಿದರು. ಬೇಡ ಎನ್ನುವವರೆಲ್ಲ ಕೊನೆಗೆ ಹೇಳುತ್ತಿದ್ದ ಮಾತು ಒಂದೇ: "ಕಟ್ಕೊಂಡೋಳೇ ಬ್ಯಾಡ ಅಂತಾಳಲ್ಲಪ್ಪ!"

ಈ ಗಲಾಟೆಗೆ ಕೊನೆ ಕಾಣಿಸಲು ಗುರುಮಲ್ಲಪ್ಪನವರ ಅಣ್ಣನ ಮಗ ಗುರುಕಿರಣ್ ಮುಂದಾದ. ತಂಡದ ಇನ್‌ಸ್ಟಾಗ್ರಾಂ ಪುಟ ಅವನ ಕೈಯಲ್ಲಿತ್ತು. ದೇವರಾಜಣ್ಣ ಬೇಕಾ, ಬೇಡ್ವಾ ಎಂದು ಅದರಲ್ಲಿ ಮತಕ್ಕೆ ಹಾಕಿದ. ಒಂದೇ ದಿನಕ್ಕೆ ಬೇಕು ಎಂಬ ಮತಗಳು ಬಂದು ಸುರಿದವು. ಗುರುಕಿರಣ್ ಫೋನು ಎತ್ತಿ ಹಿಡಿದುಕೊಂಡು ಹೋಟೆಲಿಗೆ ಬಂದ. "ನೋಡಿ ಅಕ್ಕ, ಜನ ತೀರ್ಮಾನ ಮಾಡ್ಬುಟ್ರು."

ಶಿವನಂಜಮ್ಮನ ಮಗಳು ಬಿಂದುಶ್ರೀ ಕಾಲೇಜಿಗೆ ಹೊರಟವಳು ನಿಂತು, ಅವನ ಫೋನು ತೆಗೆದುಕೊಂಡು ಹೆಸರುಗಳನ್ನು ಓದಿದಳು. "ಅಣ್ಣ, ಇವ್ನು ನನ್ ಕ್ಲಾಸ್‌ಮೇಟು. ಬೋಗಾದಿ ಪಿಜಿಲಿ ಇರೋದು. ಇವ್ಳೂ ಅಲ್ಲೇ. ಇವ್ರೆಲ್ಲ ಬೋಗಾದಿಯೋರು ಕಣಣ್ಣ!"

ನಿಜವಾಗಿತ್ತು. ಹಿನಕಲ್‌ನವರು ಬೇಕು ಬೇಡ ಎಂದು ಅರ್ಧರ್ಧ ಹಂಚಿಹೋಗಿದ್ದರು. ಬೋಗಾದಿಯವರು ಮಾತ್ರ ಒಗ್ಗಟ್ಟಾಗಿ ದೇವರಾಜು ಆಡಲೇಬೇಕು ಎಂದಿದ್ದರು. ಕೆಳಗೆ ನಾಗೇಂದ್ರ ತಾನೇ ಕೈಮುಗಿದ ಚಿತ್ರ ಹಾಕಿ, "ದಯವಿಟ್ಟು ಅಂಕಲ್‌ನ ಆಡಿಸಿ" ಎಂದು ಬರೆದಿದ್ದ.

ಹೋಟೆಲಿನವರು ಶಿವನಂಜಮ್ಮನಿಗೆ ಜಯವಾಯಿತೆಂದು ಅಂದುಕೊಂಡರು. ಮಹೇಶ, "ಅಕ್ಕ ಹೇಳ್ದಂಗೇ ಆಯ್ತು, ಬ್ಯಾಡ ಬುಡಿ" ಎಂದೂಬಿಟ್ಟ. ಆದರೆ ಆಕೆ ನಗಲಿಲ್ಲ. ಚಿತ್ರಾನ್ನದ ತಟ್ಟೆಯನ್ನು ಯಾರ ಮುಂದೆಯೋ ಕುಕ್ಕಿ, "ಅಂಕಲ್ ಅಂತೆ! ನಮ್ಮನೆಯೋರ್ನ ನಾನು ಏನಾದ್ರೂ ಅಂದ್ಕೋತೀನಿ. ಇವ್ನ್ಯಾರು?" ಎಂದರು.

ಆವತ್ತು ಸಂಜೆ ಒಣಗಿದ ಸಂಡಿಗೆ ತೆಗೆಯಲು ತಾರಸಿಗೆ ಹತ್ತಿದ ಶಿವನಂಜಮ್ಮ ಮೆಟ್ಟಿಲ ಬಾಗಿಲಲ್ಲೇ ನಿಂತುಬಿಟ್ಟರು. ದೇವರಾಜು ಪಂಚೆ ಎತ್ತಿ ಕಟ್ಟಿ, ನೀರಿನ ಟ್ಯಾಂಕಿನ ಪಕ್ಕ ಬಗ್ಗಿ ಕೈ ಚಾಚಿ ನಿಂತಿದ್ದರು. ಬಿಂದುಶ್ರೀ ಒಂದು ಕೈಯಲ್ಲಿ ಫೋನು ನೋಡುತ್ತ, ಬೇಸರದಲ್ಲಿ "ಕಬಡ್ಡಿ, ಕಬಡ್ಡಿ" ಎನ್ನುತ್ತ ಅವರ ಮುಂದೆ ಅತ್ತಿತ್ತ ನಡೆಯುತ್ತಿದ್ದಳು. ಹೆಂಡತಿಯನ್ನು ಕಂಡ ದೇವರಾಜು ನೆಟ್ಟಗಾಗಿ, ಟ್ಯಾಂಕಿನ ನಲ್ಲಿ ಪರೀಕ್ಷೆ ಮಾಡುವವರಂತೆ ತಿರುಗಿಸಿದರು. ನೀರು ಬಂತು.

"ಎಷ್ಟು ದಿನದಿಂದ ನಡೀತಾ ಅದೆ ಇದು?"

"ಅಪ್ಪ ಹೇಳ್ಬೇಡ ಅಂದಿದ್ರು" ಎಂದಳು ಬಿಂದುಶ್ರೀ, ಎಲ್ಲವನ್ನೂ ಹೇಳಿಬಿಟ್ಟು.

"ನೀನು ಸರಿ ಆ ಕಡೆ" ಎಂದ ಶಿವನಂಜಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. ಹೈಸ್ಕೂಲಿನ ನಂತರ ಮೊದಲ ಸಲ ಅವರ ಬಾಯಿಂದ "ಕಬಡ್ಡಿ ಕಬಡ್ಡಿ" ಹೊರಟಿತು. ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ಬಾಗಿ, ಗಂಡನ ಭುಜ ಮುಟ್ಟಿ, ಹಿಂದಕ್ಕೆ ಜಿಗಿದರು. ಮೈಯೆಲ್ಲ ಬಂತು, ಕಾಲು ಮಾತ್ರ ಬರಲಿಲ್ಲ. ಹಸಿ ಸಿಮೆಂಟಿನಲ್ಲಿ ಹೂತುಹೋದ ಹಾಗೆ ಹಿಮ್ಮಡಿ ಅಲ್ಲೇ ನಿಂತುಬಿಟ್ಟಿತ್ತು. ಶಿವನಂಜಮ್ಮ ಸಂಡಿಗೆ ಒಣಹಾಕಿದ್ದ ಸೀರೆಯ ಮೇಲೆ ಉದ್ದಕ್ಕೆ ಬಿದ್ದರು. ಚಟಪಟ ಸದ್ದಾಯಿತು.

ಪಕ್ಕದ ತಾರಸಿಯಿಂದ ಪ್ರೇಮಲೀಲಾ ಇಣುಕಿದರು. "ಏನಾಯ್ತು ಶಿವನಂಜಮ್ಮಾ?"

"ಏನಿಲ್ಲ ಕಣ್ರೀ, ಸಂಡಿಗೆ ತೆಗೀತಾ ಇವ್ನಿ" ಎಂದರು ಬಿದ್ದಲ್ಲಿಂದಲೇ.

ದೇವರಾಜು ಇನ್ನೂ ಕಾಲು ಬಿಟ್ಟಿರಲಿಲ್ಲ. ಎರಡು ಕೈಯಲ್ಲೂ ಹಿಮ್ಮಡಿ ಹಿಡಿದು, ಉಬ್ಬಿದ ಕತ್ತಿನ ನರಗಳೊಂದಿಗೆ ಹೆಂಡತಿಯನ್ನು ನೋಡುತ್ತಿದ್ದರು. ಆ ಮುಖವನ್ನು ಶಿವನಂಜಮ್ಮ ನೋಡಿ ವರ್ಷಗಳಾಗಿದ್ದವು.

"ಮಂಡಿ?" ಎಂದು ಕೇಳಿದರು.

"ನೋಯ್ತದೆ."

"ಮತ್ತೆ?"

"ಆಡ್ಬೋದು ಕಣೆ. ಒಂದೇ ಒಂದ್ಸಲ."

ಪುಡಿಯಾದ ಸಂಡಿಗೆಯನ್ನು ಮೂವರೂ ಕೂತು ಆರಿಸಿದರು. ಮಾರನೆಯ ಬೆಳಿಗ್ಗೆ ಶಿವನಂಜಮ್ಮ ಹೋಟೆಲಿನಲ್ಲಿ ತೀರ್ಪು ಕೊಟ್ಟರು: "ಎಡ ಕಾರ್ನರಿಗೆ ನಮ್ಮನೆಯೋರೇ." ಜನ ಬೆಪ್ಪಾದರು. ಗುರುಮಲ್ಲಪ್ಪ ಸಿಕ್ಕಿದ ಸಂದರ್ಭ ಬಿಡಲಿಲ್ಲ. "ಬೂಸಾ ಮೂಟೆ ಬ್ಯಾಡ್ವೆ ತಾಯಿ? ಎತ್ತಿಡ್ಸಿದ್ದೆ."

"ಅದ್ನ ದನಕ್ಕೆ ಹಾಕಿ."

"ಅಲ್ಲಕ್ಕ, ಬೋಗಾದಿಯೋರೇ ಇವ್ರು ಬೇಕು ಅಂತಾ ಔರೆ" ಎಂದು ಮಹೇಶ ಗೊಣಗಿದ.

"ಬಾಯ್ಬುಟ್ಟು ಕೇಳೌರೆ. ಕೊಟ್ಬುಡಣ."

ಅಂದಿನಿಂದ ದೇವರಾಜುವಿನ ಬನ್ನು ನಿಂತಿತು. ಬೇಕು ಎಂದಿದ್ದ ಅಭಿಮಾನಿಗಳೆಲ್ಲ ಕಾವಲುಗಾರರಾದರು. ಆಟೋ ಸ್ಟ್ಯಾಂಡಿನ ಬಳಿಯ ಬೋಂಡಾ ಗಾಡಿಯವನು ಅವರನ್ನು ಕಂಡ ಕೂಡಲೇ ಬಾಣಲೆಯ ಮೇಲೆ ತಟ್ಟೆ ಮುಚ್ಚುತ್ತಿದ್ದ. ಸಂಜೆ ಅಭ್ಯಾಸಕ್ಕೆ ಅವರು ಓಡುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಓಡಿ ಮುಗಿದ ಮೇಲೆ ಅವರೂ ಬಹಳ ಹೊತ್ತು ನಿಲ್ಲುತ್ತಿದ್ದರು.

ಬೋಗಾದಿಯ ಮೈದಾನದಲ್ಲಿ ಭಾನುವಾರ ಸಂಜೆ ಸೆಮಿಫೈನಲ್. ತೂಕದ ಮಿತಿ ಇಲ್ಲದ ಪಂದ್ಯವಾದ್ದರಿಂದ ದೇವರಾಜುವಿಗೆ ಅಡ್ಡಿ ಇರಲಿಲ್ಲ. ಪುನೀತನ ಬನಿಯನ್ನು ಮಾತ್ರ ಅವರ ಹೊಟ್ಟೆಯ ಅರ್ಧಕ್ಕೇ ರಾಜೀನಾಮೆ ಕೊಟ್ಟಿತು. ಕೊನೆಗೆ ಹೊಲಿಗೆ ಬಿಚ್ಚಿ, ಪಕ್ಕಕ್ಕೆ ಬೇರೆ ಬಟ್ಟೆ ಕೊಟ್ಟು ಹೊಲಿದುಕೊಟ್ಟಿದ್ದರು ಶಿವನಂಜಮ್ಮ. ಬೋಗಾದಿಯ ಹುಡುಗರು "ಅಂಕಲ್! ಅಂಕಲ್!" ಎಂದು ಕೂಗಿ ಸ್ವಾಗತಿಸಿದರು.

ನಾಗೇಂದ್ರ ಮೊದಲ ರೈಡಿಗೆ ಬಂದವನು ನೇರ ಎಡ ಮೂಲೆಗೆ ಹೋಗಿ, ದೇವರಾಜು ಬಗ್ಗುವಷ್ಟರಲ್ಲಿ ಅವರ ಬೆನ್ನು ತಟ್ಟಿ ವಾಪಸು ಹೋದ. ಔಟು. ಬೆವರು ಬರುವ ಮೊದಲೇ ದೇವರಾಜು ಹೊರಗೆ ಬಂದು ಕೂತರು. ಹಿಂದಿನಿಂದ ಹಿನಕಲ್‌ನವನೇ ಒಬ್ಬ, "ಅಕ್ಕ, ಮನೆಯೋರು ಬಂದ್ರು ಹೋದ್ರು, ಟೀ ಕುಡೀಲಿಲ್ಲ" ಎಂದ. ಶಿವನಂಜಮ್ಮ ತಿರುಗಿ ನೋಡಲಿಲ್ಲ. ಮೊದಲಾರ್ಧದಲ್ಲಿ ದೇವರಾಜು ಇನ್ನೆರಡು ಸಲ ಒಳಗೆ ಹೋಗಿ ಔಟಾಗಿ ಬಂದರೂ ಆಕೆಯ ದನಿ ಕೇಳಲಿಲ್ಲ. ಗೆರೆ ಕಾಯುತ್ತಿದ್ದ ಅಂಪೈರು ಆಕೆಗೆ ಹುಷಾರು ತಪ್ಪಿದೆಯೇನೋ ಎಂದು ಎರಡು ಸಲ ಇತ್ತ ನೋಡಿದರು.

ಎರಡನೇ ಅರ್ಧದಲ್ಲಿ ದೇವರಾಜು ಮತ್ತೆ ಒಳಗೆ ಬಂದಾಗ ನಾಗೇಂದ್ರ ಹಳೆಯ ದಾರಿಯಲ್ಲೇ ನಡೆದ. ಈ ಸಲ ದೇವರಾಜು ಅವನು ಬರುವ ಮೊದಲೇ ಬಗ್ಗಿಕೊಂಡು ಕಾದಿದ್ದರು. ಏಳುವ ಕಷ್ಟವನ್ನೇ ಇಟ್ಟುಕೊಂಡಿರಲಿಲ್ಲ. ನಾಗೇಂದ್ರ ಬೆನ್ನು ತಟ್ಟಿ ತಿರುಗಿದ, ಹೊರಡಲಾಗಲಿಲ್ಲ. ತಿರುಗಿ ನೋಡಿದ. ಹಿಮ್ಮಡಿಯ ಹತ್ತಿರ ದೇವರಾಜು ಕಣ್ಣು ಮುಚ್ಚಿಕೊಂಡು ಮಲಗಿದ್ದರು. ಹಿನಕಲ್‌ನ ಐದು ಜನ ಮೇಲೆ ಬಿದ್ದರು. ಆಗ ಶಿವನಂಜಮ್ಮನ ದನಿ ವಾಪಸು ಬಂತು. ಮೈದಾನದಾಚೆಯ ಬೀದಿ ನಾಯಿಗಳು ಎದ್ದು ಜಾಗ ಬದಲಿಸಿದವು.

ಪಂದ್ಯ ತೂಗುತ್ತ ಹೋಯಿತು. ಕೊನೆಯ ರೈಡು ಬಂದಾಗ ಹಿನಕಲ್ ಒಂದು ಅಂಕ ಮುಂದಿತ್ತು. ನಾಗೇಂದ್ರ ಬಂದ. ಎಡ ಮೂಲೆಯನ್ನು ಬಿಟ್ಟು ಬಲಕ್ಕೆ ಹೋದವನು ಒಮ್ಮೆಲೇ ಇತ್ತ ಹಾರಿದ. ದೇವರಾಜು ಹಾರಿದ ಕಾಲನ್ನೇ ಹಿಡಿದರು. ಮಹೇಶ ಹಿಂದಿನಿಂದ ಬಂದು ನಾಗೇಂದ್ರನ ಸೊಂಟಕ್ಕೆ ಕೈ ಹಾಕಿದ, ಹಿಡಿತ ಕಳಚಿಹೋಯಿತು. ಉಳಿದವರು ಬಲಕ್ಕೆ ಮೋಸಹೋಗಿ ದೂರದಲ್ಲಿದ್ದರು; ಈಗ ಹಿಡಿದುಕೊಂಡಿದ್ದದ್ದು ದೇವರಾಜು ಒಬ್ಬರೇ. ನಾಗೇಂದ್ರ ಮಧ್ಯದ ಗೆರೆಯತ್ತ ಇಂಚಿಂಚಾಗಿ ಎಳೆಯುತ್ತಿದ್ದ. ಕಾಲಿಗೆ ಕಟ್ಟಿದ ಕಲ್ಲಿನಂತೆ ದೇವರಾಜು ಜೊತೆಯಲ್ಲೇ ಜಾರುತ್ತಿದ್ದರು. ಅವರ ಬಲ ಮಂಡಿ ಮೈಯ ಕೆಳಗೆ ಸಿಕ್ಕಿ, ತಿರುಗಬಾರದ ಕಡೆಗೆ ತಿರುಗುತ್ತಿತ್ತು. ಹಿನಕಲ್‌ನವರೆಲ್ಲ "ಹಿಡ್ಕೊಳಣ್ಣ! ಬುಡ್ಬೇಡ!" ಎಂದು ಕಿರುಚುತ್ತಿದ್ದರು. ಆ ಕೂಗನ್ನೆಲ್ಲ ಸೀಳಿಕೊಂಡು ಒಂದು ದನಿ ಬಂತು:

"ಬುಡ್ರೀ! ಮಂಡಿ ಓಯ್ತದೆ! ಕಾಲು ಬುಡ್ರೀ!"

ದೇವರಾಜು ಬಿಟ್ಟರು.

ನಾಗೇಂದ್ರ ಗೆರೆಯಾಚೆಗೆ ಬಿದ್ದ. ಹಿಡಿಯಲು ಹೋಗಿ ಅವನನ್ನು ಮುಟ್ಟಿದ್ದ ದೇವರಾಜು ಒಂದು, ಮಹೇಶ ಒಂದು, ಒಟ್ಟು ಎರಡು ಅಂಕ ಬೋಗಾದಿಗೆ. ಅಂಪೈರು ಸೀಟಿ ಊದಿದರು. ಹಿನಕಲ್ ಸೋತಿತು.

ಹಿನಕಲ್‌ನವರೆಲ್ಲರ ತಲೆಗಳೂ ಒಂದೇ ಕಡೆ ತಿರುಗಿದವು. ಶಿವನಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ಆಟೋದಲ್ಲಿ ಮನೆಗೆ ಬರುವಾಗ ಮಗಳು ನಡುವೆ ಕೂತಿದ್ದಳು. ಮಂಡಿ ಊದಿತ್ತು, ಮುರಿದಿರಲಿಲ್ಲ. ಮನೆಯಲ್ಲಿ ಐಸು ಕಟ್ಟಿದ ಟವಲು ಒತ್ತುತ್ತ ಶಿವನಂಜಮ್ಮ ಕೇಳಿದರು: "ನಾನ್ ಹೇಳ್ದೆ ಅಂತ ಬುಟ್ರಾ?"

"ಇಲ್ಲ ಕಣೆ. ಬೆವ್ರಿತ್ತು, ಜಾರ್ತು."

"ಸುಳ್ಳು ಹೇಳ್ಬೇಡಿ."

ದೇವರಾಜು ಟವಲನ್ನು ಸರಿಮಾಡಿಕೊಂಡರು. "ಇಷ್ಟ್ ವರ್ಷ ನನ್ ಮಾತೇ ಕೇಳಲ್ಲ ಅಂತ ಬೈತಿದ್ದೆ. ಒಂದ್ಸಲ ಕೇಳಿದ್ರೆ ಅದ್ಕೂ ಬೈತೀಯಲ್ಲ ಶಿವಿ!"

ಶಿವನಂಜಮ್ಮನಿಗೆ ಅಳು ಬಂತು. ಅಳುತ್ತ ಅಳುತ್ತಲೇ ನಗುವೂ ಬಂತು. ಎರಡನ್ನೂ ತಡೆಯಲಾರದೆ ಎದ್ದುಹೋಗಿ ಅವರಿಗೆ ಒಂದು ಬನ್ನು ತಂದುಕೊಟ್ಟರು.

ಮಾರನೆಯ ಬೆಳಿಗ್ಗೆ ಹೋಟೆಲಿಗೆ ಯಾರೂ ಬರುವುದಿಲ್ಲವೆಂದುಕೊಂಡು ಕಡಿಮೆ ಇಡ್ಲಿ ಹಾಕಿದ್ದರು. ಎಂದಿಗಿಂತ ಹೆಚ್ಚು ಜನ ಬಂದರು. ಗುರುಕಿರಣ್ ಪಂದ್ಯದ ವೀಡಿಯೊ ತಂದಿದ್ದ. ಕೊನೆಯ ರೈಡನ್ನು ನಿಧಾನ ಮಾಡಿ ಮತ್ತೆ ಮತ್ತೆ ತೋರಿಸಿದ. ನಿಧಾನ ಮಾಡಿದಾಗ ಶಿವನಂಜಮ್ಮನ ದನಿ ಕೋಣ ಕೂಗಿದಂತೆ ಕೇಳುತ್ತಿತ್ತು. ಕೈ ಜಾರಿತೆಂದು ಅರ್ಧ ಜನ, ಬಿಟ್ಟರೆಂದು ಅರ್ಧ ಜನ ವಾದಕ್ಕೆ ಬಿದ್ದರು. ಇಡ್ಲಿ ಮುಗಿದುಹೋಯಿತು. ಬೈಯಲು ಬಂದವರು ಉಪ್ಪಿಟ್ಟಿಗೆ ಕಾಯುತ್ತ ಕೂತರು.

ಮುಂದಿನ ಟೂರ್ನಮೆಂಟಿಗೆ ತಂಡ ಆರಿಸುವ ದಿನ ದೇವರಾಜು ಬೇಕೋ ಬೇಡವೋ ಎಂಬ ಮಾತೇ ಬರಲಿಲ್ಲ. ಪುನೀತನ ಕೈ ಕೂಡಿಕೊಂಡಿತ್ತು. ಅವನೇ, "ಅರ್ಧ ಮ್ಯಾಚು ಅಣ್ಣ, ಅರ್ಧ ನಾನು" ಎಂದ. ವಾದವೆಲ್ಲ ನಡೆದದ್ದು ಶಿವನಂಜಮ್ಮನನ್ನು ಏನು ಮಾಡುವುದು ಎಂಬುದರ ಮೇಲೆ. ಮನೆಯಲ್ಲಿ ಬಿಟ್ಟು ಹೋಗೋಣ ಎಂದವರುಂಟು. ಎದುರಾಳಿಗಳ ಕಡೆ ಕೂರಿಸೋಣ ಎಂದು ಮಹೇಶ ಹೇಳಿದ. ಗುರುಮಲ್ಲಪ್ಪ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಲು ಹೊರಟಾಗ, ಮೂಲೆಯ ಬೆಂಚಿನಿಂದ ದೇವರಾಜು ಮಾತಾಡಿದರು.

"ಅವ್ಳು ಬರಲ್ಲ ಅಂದ್ರೆ ನಾನೂ ಬರಲ್ಲ ಸಾವ್ಕಾರ್ರೇ. ಮೊದ್ಲರ್ಧ ಅವ್ಳು ಸುಮ್ನಿದ್ಲಲ್ಲ, ಆಗ ನನ್ಗೆ ನಾನೆಲ್ಲಿ ನಿಂತಿವ್ನಿ ಅಂತ್ಲೇ ಗೊತ್ತಾಗ್ಲಿಲ್ಲ."

ಅವರು ಸಭೆಯಲ್ಲಿ ಅಷ್ಟು ಉದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ವಿಷಯ ಅಲ್ಲಿಗೆ ಮುಗಿಯಿತು.

ಆ ಟೂರ್ನಮೆಂಟಿನಲ್ಲಿ ಹಿನಕಲ್ ಫೈನಲ್‌ವರೆಗೆ ಹೋಗಿ ಸೋತಿತು. ಎರಡನೇ ಬಹುಮಾನದ ಕಪ್ಪನ್ನು ಎಲ್ಲರೂ ಸೇರಿ ಶಿವನಂಜಮ್ಮನ ಹೋಟೆಲಿನಲ್ಲೇ ಇಟ್ಟರು. ಒಂದು ವಾರ ಬಿಟ್ಟು ಬಂದ ಗುರುಮಲ್ಲಪ್ಪ ನೋಡುತ್ತಾರೆ, ಕಪ್ಪಿನ ತುಂಬ ಚಮಚಗಳು.

"ಏನ್ ತಾಯಿ ಇದು, ಕಪ್ಪಿಗೆ ಒಂದು ಮರ್ಯಾದೆ ಬ್ಯಾಡ್ವೆ?"

"ಫಸ್ಟ್ ಪ್ರೈಜ್ ತನ್ನಿ ಸಾವ್ಕಾರ್ರೇ, ಅದ್ಕೆ ಹೂವ ಇಡ್ತೀನಿ" ಎಂದು ಶಿವನಂಜಮ್ಮ ಅದರಿಂದಲೇ ಒಂದು ಚಮಚ ತೆಗೆದು, ಅವರ ಉಪ್ಪಿಟ್ಟಿನ ತಟ್ಟೆಗೆ ಚುಚ್ಚಿ ಕೊಟ್ಟರು.